ಮನೆಯಲ್ಲಿ ಅಭ್ಯಾಸಕ್ಕೆ ಮೆಲುದನಿಯ ಟಿನ್ ವಿಸಲ್: ಆರಿಸುವ, ಪರೀಕ್ಷಿಸುವ, ಸದ್ದು ತಗ್ಗಿಸುವ ಕ್ರಮ

ಟಿನ್ ವಿಸಲ್ ಎಂದರೆ ತುದಿಯಿಂದ ಊದುವ, ಆರು ರಂಧ್ರಗಳ ಪುಟ್ಟ ಕೊಳಲು. "ಸದ್ದು ಕಡಿಮೆ" ಎಂದು ನಂಬಿ ಅದನ್ನು ಕೊಂಡವರ ದೂರು ಹೆಚ್ಚುಕಡಿಮೆ ಒಂದೇ. ಕೆಳಗಿನ ಸ್ವರಗಳು ಹಿತವಾಗಿವೆ, ಮೇಲಿನ ಸ್ಥಾಯಿಗೆ ಹೋದ ಕೂಡಲೇ ಮನೆಯವರು ಕಿವಿ ಮುಚ್ಚಿಕೊಳ್ಳುತ್ತಾರೆ. ಆಮೇಲೆ ಇವರು ಉಸಿರು ಬಿಗಿಹಿಡಿದು ಮೆಲ್ಲಗೆ ಊದತೊಡಗುತ್ತಾರೆ. ಶ್ರುತಿ ಇಳಿಯುತ್ತದೆ, ಮೇಲಿನ ಸ್ವರ ಒಡೆಯುತ್ತದೆ, ಕೊನೆಗೆ ವಿಸಲ್ ಕಪಾಟು ಸೇರುತ್ತದೆ.

ಎಡವಟ್ಟಾಗುವುದು ಎರಡು ಕಡೆ. ಕೊಳ್ಳುವಾಗ ಕೆಳಗಿನ ಸ್ವರಗಳನ್ನಷ್ಟೇ ಊದಿ ನೋಡುವುದು ಒಂದು. ಉಸಿರು ತಗ್ಗಿಸಿದರೆ ಸದ್ದೂ ತಗ್ಗುತ್ತದೆ ಎಂದುಕೊಳ್ಳುವುದು ಇನ್ನೊಂದು. ಟಿನ್ ವಿಸಲ್‌ನಲ್ಲಿ ಉಸಿರು ಸದ್ದಿಗಿಂತ ಮೊದಲು ಶ್ರುತಿಯನ್ನೂ ಸ್ಥಾಯಿಯನ್ನೂ ನಿರ್ಧರಿಸುತ್ತದೆ. ಕೆಳಗಿನ ಸ್ಥಾಯಿಗೂ ಮೇಲಿನ ಸ್ಥಾಯಿಗೂ ಬೆರಳು ಬಹುಪಾಲು ಒಂದೇ, ಬದಲಾಗುವುದು ಉಸಿರಿನ ಒತ್ತಡ. ಹಾಗಾಗಿ ಮೇಲಿನ ಸ್ವರಗಳನ್ನು ಮೆಲ್ಲಗೆ ಊದುವ ಸೌಲಭ್ಯವೇ ನಿಮಗಿಲ್ಲ. ಮೆಲುದನಿ ವಾದ್ಯದಲ್ಲೇ ಇರಬೇಕು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಆರನೆಯದನ್ನು ಮೊದಲು ಮಾಡಲು ಹೋಗಿ ಒಳ್ಳೆಯ ವಿಸಲ್ ಕೆಡಿಸಿಕೊಂಡವರು ಸಾಕಷ್ಟು ಜನ.

ಬೇಕಾಗುವ ಸಾಮಾನು

ಫೋನಿನಲ್ಲಿ ಒಂದು ಟ್ಯೂನರ್ ಆ್ಯಪ್, ಒಂದು ಡೆಸಿಬೆಲ್ ತೋರಿಸುವ ಆ್ಯಪ್. ಅಳತೆ ಟೇಪು, ತೆಳುವಾದ ಪಾರದರ್ಶಕ ಅಂಟುಪಟ್ಟಿ, ಗೋಡೆಗೆ ಪೋಸ್ಟರ್ ಅಂಟಿಸುವ ಮೆದು ಪುಟ್ಟಿ ಸ್ವಲ್ಪ, ಕಾಗದ, ಪೆನ್ನು. ಇವೆಲ್ಲಕ್ಕಿಂತ ಮುಖ್ಯವಾಗಿ, ಬಾಗಿಲಾಚೆ ನಿಂತು ಮುಲಾಜಿಲ್ಲದೆ ಹೇಳುವ ಒಬ್ಬರು.

ಹಂತ 1: ಸದ್ದು ಎಲ್ಲಿಂದ ಹೊರಡುತ್ತದೆ ನೋಡಿಕೊಳ್ಳಿ

ವಿಸಲ್‌ನ ತಲೆಭಾಗವನ್ನು ಬೆಳಕಿಗೆ ಹಿಡಿದು ನೋಡಿ. ತುಟಿಯಿಂದ ಒಳಹೋದ ಗಾಳಿ ಒಂದು ಸಣ್ಣ, ಚಪ್ಪಟೆ ದಾರಿಯಲ್ಲಿ ಹಾದು, ಮೇಲೆ ತೆರೆದಿರುವ ಚೌಕಾಕಾರದ ಕಿಂಡಿಯನ್ನು ದಾಟಿ, ಎದುರಿನ ಚೂಪು ಅಲಗಿಗೆ ಬಡಿಯುತ್ತದೆ. ಸ್ವರ ಹುಟ್ಟುವುದು ಅಲ್ಲಿ. ಅದು ಹೊರಬರುವುದು ಮುಖ್ಯವಾಗಿ ಎರಡು ಕಡೆಯಿಂದ: ಈ ಕಿಂಡಿಯಿಂದ, ಮತ್ತು ಬೆರಳು ಎತ್ತಿದ ಮೊದಲ ರಂಧ್ರದ ಆಸುಪಾಸಿನಿಂದ.

ಇದು ಗೊತ್ತಾದರೆ ಒಂದು ವ್ಯರ್ಥ ಪ್ರಯತ್ನ ತಪ್ಪುತ್ತದೆ. ಕೊಳವೆಯ ತುದಿಗೆ ಹತ್ತಿ ತುರುಕಿದರೆ ಸದ್ದು ತಗ್ಗುವುದಿಲ್ಲ. ಎಲ್ಲ ರಂಧ್ರ ಮುಚ್ಚಿದಾಗ ಬರುವ ಅತಿ ಕೆಳಗಿನ ಸ್ವರ ಮಾತ್ರ ಕೆಡುತ್ತದೆ, ಅದರ ಪಕ್ಕದ್ದು ಕೊಂಚ ಅಲುಗಬಹುದು. ಮಿಕ್ಕ ಸ್ವರಗಳು ತುದಿಯವರೆಗೆ ಹೋಗುವ ಗೋಜಿಗೇ ಬರುವುದಿಲ್ಲ.

ಇನ್ನು ಸ್ವರದ ಎತ್ತರ. ಡಿ, ಇ, ಜಿ, ಎ, ಬಿ ಎಂಬವು ಪಾಶ್ಚಾತ್ಯ ಸ್ವರಗಳ ಹೆಸರು, ವಿಸಲ್‌ಗೆ ಅದರ ಅತಿ ಕೆಳಗಿನ ಸ್ವರದ ಹೆಸರೇ ಇರುತ್ತದೆ. ಸಾಮಾನ್ಯವಾಗಿ ಎಲ್ಲರೂ ಕಲಿಯುವ ಡಿ ವಿಸಲ್‌ನ ಅತಿ ಕೆಳಗಿನ ಸ್ವರ ಸುಮಾರು 587 ಹರ್ಟ್ಸ್. ಮೇಲಿನ ಸ್ಥಾಯಿಯ ಬಿ ಸುಮಾರು 1976 ಹರ್ಟ್ಸ್. ಮನುಷ್ಯರ ಕಿವಿ ಅತಿ ಚುರುಕಾಗಿರುವುದು ಸುಮಾರು 2000ದಿಂದ 5000 ಹರ್ಟ್ಸ್‌ವರೆಗೆ. ಮೇಲಿನ ಎ, ಬಿ ಸ್ವರಗಳು ಆ ವಲಯದ ಬಾಗಿಲಲ್ಲೇ ಇವೆ, ಅವುಗಳ ಉಪಸ್ವರಗಳು (ಸ್ವರದ ಜೊತೆಗೇ ಹುಟ್ಟುವ ಇನ್ನೂ ಎತ್ತರದ ಸ್ವರಗಳು) ಅದರೊಳಗೇ. ವಿಸಲ್ ಮೆಲುದನಿಯದೋ ಅಲ್ಲವೋ ಎಂಬ ತೀರ್ಪು ಈ ಎರಡು ಸ್ವರಗಳದ್ದು, ಕೆಳಗಿನ ಜಿ ಸ್ವರದ್ದಲ್ಲ.

ಹಂತ 2: ಯಾರಿಗೆ ಕೇಳಿಸಬಾರದು?

ಪಕ್ಕದ ಮನೆಯವರಿಗೆ ಕೇಳಿಸಬಾರದು ಎಂದಾದರೆ ಅರ್ಧ ಕೆಲಸ ಬಾಗಿಲು, ಕಿಟಕಿಯ ಸಂದುಗಳದ್ದು. ಅದಕ್ಕೆ ಏಳನೆಯ ಹಂತ ನೋಡಿ. ಪಕ್ಕದ ಕೋಣೆಯಲ್ಲಿ ಮಗು ಮಲಗಿದ್ದರೆ ವಾದ್ಯವನ್ನೇ ಬದಲಿಸಬೇಕು. ತೊಂದರೆ ನಿಮ್ಮ ಕಿವಿಗೇ ಆಗುತ್ತಿದ್ದರೆ ಮೊದಲು ಸ್ಪಂಜಿನ ಇಯರ್‌ಪ್ಲಗ್ ಹಾಕಿ ಒಂದು ವಾರ ನುಡಿಸಿ ನೋಡಿ, ಹೊಸ ವಿಸಲ್ ಬೇಕಾಗದೆಯೂ ಇರಬಹುದು. ನುಡಿಸಿ ಮುಗಿಸಿದ ಮೇಲೆ ಕಿವಿಯಲ್ಲಿ ಗುಂಯ್ ಎಂಬ ಸದ್ದು ಉಳಿಯುತ್ತಿದ್ದರೆ ಮಾತ್ರ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಿಸಿ.

ಹಂತ 3: ಶ್ರುತಿ ಆರಿಸಿ

ವಿಸಲ್‌ಗಳು ಬೇರೆಬೇರೆ ಶ್ರುತಿಗಳಲ್ಲಿ ಸಿಗುತ್ತವೆ, ಬೆರಳಿಡುವ ಕ್ರಮ ಎಲ್ಲದರಲ್ಲೂ ಒಂದೇ. ಡಿ ಕೆಳಗೆ ಸಿ, ಅದರ ಕೆಳಗೆ ಬಿ ಫ್ಲ್ಯಾಟ್ (ಫ್ಲ್ಯಾಟ್ ಎಂದರೆ ಅರ್ಧಸ್ವರ ಕೆಳಗೆ, ಶಾರ್ಪ್ ಎಂದರೆ ಅರ್ಧಸ್ವರ ಮೇಲೆ), ಎ, ಮತ್ತೂ ಕೆಳಗೆ ಲೋ ಜಿ, ಲೋ ಎಫ್, ಲೋ ಡಿ. ಕೆಳಗಿಳಿದಷ್ಟೂ ಕೀರಲು ಕಡಿಮೆ. ಬಿ ಫ್ಲ್ಯಾಟ್ ವಿಸಲ್‌ನ ಆಧಾರ ಸ್ವರ ಸುಮಾರು 466 ಹರ್ಟ್ಸ್, ಲೋ ಡಿಯದ್ದು ಸುಮಾರು 294.

ಹಾಗಾದರೆ ನೇರ ಲೋ ಡಿ ಕೊಂಡುಬಿಡೋಣವೇ? ಬೇಡ. ಅದು ಡಿ ವಿಸಲ್‌ಗಿಂತ ಎರಡು ಪಟ್ಟು ಉದ್ದ, ರಂಧ್ರಗಳು ದೂರದೂರ. ಬೆರಳ ತುದಿಯಿಂದ ಮುಚ್ಚಲಾಗದೆ ಬೆರಳ ನಡುಗೆಣ್ಣನ್ನು ಚಪ್ಪಟೆಯಾಗಿ ಇಡಬೇಕಾಗುತ್ತದೆ. ಉಸಿರೂ ಹೆಚ್ಚು ಬೇಕು. ಇದಲ್ಲದೆ ತಗ್ಗು ಸ್ವರ ಗೋಡೆಯನ್ನು ಹೆಚ್ಚು ಸುಲಭವಾಗಿ ದಾಟುತ್ತದೆ. ಅದು ಕಿವಿಗೆ ಚುಚ್ಚುವುದಿಲ್ಲ ನಿಜ, ಆದರೆ ಕೇಳಿಸುವುದೇ ಇಲ್ಲ ಎಂದಲ್ಲ.

ಡಿ ಶ್ರುತಿಯ ಪಾಠಗಳ ಜೊತೆ ಸೇರಿ ನುಡಿಸಿ ಕಲಿಯುವವರಾದರೆ ಡಿ ಬಿಡಬೇಡಿ. ಅದರಲ್ಲೇ ಮೆಲುದನಿಯದನ್ನು ಹುಡುಕಿ. ಒಬ್ಬರೇ ನುಡಿಸುವವರು, ಅಥವಾ ಧ್ವನಿಮುದ್ರಿಕೆಯ ಶ್ರುತಿ ಇಳಿಸುವ ಆ್ಯಪ್ ಬಳಸುವವರು ಬಿ ಫ್ಲ್ಯಾಟ್ ಕಡೆ ನೋಡಬಹುದು. ಮನೆಗೆ ಒಂದು ಹೆಚ್ಚುವರಿ ವಿಸಲ್ ಬೇಕೆಂದರೆ ನನ್ನ ಮತ ಅದಕ್ಕೇ: ಬೆರಳುಗಳನ್ನು ಹಿಗ್ಗಿಸಬೇಕಿಲ್ಲ, ಕಿವಿಗೂ ಚುಚ್ಚುವುದಿಲ್ಲ. ಇ ಫ್ಲ್ಯಾಟ್, ಎಫ್, ಜಿಯಂಥ ಎತ್ತರದ ಶ್ರುತಿಯ ಪುಟ್ಟ ವಿಸಲ್‌ಗಳಿಂದ ದೂರವಿರಿ. ಗಾತ್ರ ಚಿಕ್ಕದು ಎಂದಮಾತ್ರಕ್ಕೆ ಸದ್ದು ಚಿಕ್ಕದಲ್ಲ.

ಹಂತ 4: ರಚನೆ ನೋಡಿ ಪಟ್ಟಿ ಚಿಕ್ಕದು ಮಾಡಿಕೊಳ್ಳಿ

ಹಿತ್ತಾಳೆಯೋ ನಿಕ್ಕಲ್ಲೋ ಎಂಬ ಚರ್ಚೆಗೆ ಸಮಯ ಕೊಡಬೇಡಿ. ಸದ್ದು ಎಷ್ಟು ಎಂಬುದು ಬಹುಪಾಲು ತಲೆಭಾಗದ ಅಳತೆಗಳಿಂದ ಮತ್ತು ಕೊಳವೆಯ ಒಳವ್ಯಾಸದಿಂದ ತೀರ್ಮಾನವಾಗುತ್ತದೆ. ಒಂದೇ ಶ್ರುತಿಯ ಎರಡು ವಿಸಲ್‌ಗಳಲ್ಲಿ ಒಳವ್ಯಾಸ ಕಿರಿದಾದದ್ದು ಸಾಮಾನ್ಯವಾಗಿ ಮೆಲುದನಿಯದು, ಮೇಲಿನ ಸ್ಥಾಯಿಗೆ ಅದಕ್ಕೆ ಕಡಿಮೆ ಒತ್ತಡ ಸಾಕು. ಬದಲಿಗೆ ಕೆಳಗಿನ ಡಿ, ಇ ಸ್ವರಗಳು ಸ್ವಲ್ಪ ಬಡವಾಗಿ ಕೇಳುತ್ತವೆ. ಈ ಕೊಡು-ಕೊಳ್ಳುವಿಕೆ ಎಲ್ಲ ಮೆಲುದನಿಯ ವಿಸಲ್‌ಗಳಲ್ಲೂ ಇದ್ದದ್ದೇ. "ಕೆಳಗೆ ದಪ್ಪ ದನಿ, ಮೇಲೆ ಮೆತ್ತಗೆ" ಎಂದು ಯಾರಾದರೂ ಮಾರಲು ಬಂದರೆ ಐದನೆಯ ಹಂತ ಮುಗಿಯುವವರೆಗೆ ನಂಬಬೇಡಿ.

ಸುಲಭವಾಗಿ ಸಿಗುವ ಹೆಸರುಗಳ ಪೈಕಿ, ತಗಡನ್ನು ಸುರುಳಿ ಮಾಡಿ ಮರದ ತುಂಡು ಕೂರಿಸಿದ ಕ್ಲಾರ್ಕ್ ಒರಿಜಿನಲ್ ಮೆದು ದನಿಯದು. ಅದರಲ್ಲಿ ಸ್ವರದ ಜೊತೆ ಉಸಿರಿನ ಸದ್ದೂ ಬೆರೆತಿರುತ್ತದೆ, ಗಾಳಿಯೂ ಬೇಗ ಖರ್ಚಾಗುತ್ತದೆ. ಅದೇ ತಯಾರಕರ ಸ್ವೀಟೋನ್‌ಗೆ ಪ್ಲಾಸ್ಟಿಕ್ ತಲೆ, ಹೊಸಬರಿಗೆ ಇನ್ನಷ್ಟು ಸಲೀಸು. ಜನರೇಷನ್, ಫಿಡೋಗ್ ಥರದವು ನೇರ ಕೊಳವೆಗೆ ಪ್ಲಾಸ್ಟಿಕ್ ತಲೆ ಕೂರಿಸಿದವು. ಇವುಗಳಲ್ಲಿ ಒಂದೇ ಮಾದರಿಯ ಎರಡು ತುಂಡುಗಳ ನಡುವೆಯೇ ವ್ಯತ್ಯಾಸ ಕಾಣುವುದರಿಂದ, ಸಾಧ್ಯವಾದರೆ ಎರಡು ಮೂರು ಊದಿ ನೋಡಿಯೇ ಆರಿಸಿ. ಪೂರ್ತಿ ಪ್ಲಾಸ್ಟಿಕ್‌ನ ಸುಸಾಟೊ ಒಳ್ಳೆಯ ವಾದ್ಯವೇ, ಆದರೆ ಜೋರು ದನಿಗೇ ಹೆಸರಾದದ್ದು, ಮನೆಯ ಈ ಕೆಲಸಕ್ಕಲ್ಲ.

ಮಾರಾಟದ ವಿವರಣೆಯಲ್ಲಿ "ಸೆಷನ್‌ಗೆ (ಹಲವರು ಕೂಡಿ ನುಡಿಸುವ ಕೂಟಕ್ಕೆ) ಸೂಕ್ತ", "ವೇದಿಕೆಗೆ", "ದೂರಕ್ಕೆ ಮುಟ್ಟುವ ದನಿ" ಎಂದಿದ್ದರೆ ಆ ಪುಟ ಮುಚ್ಚಿ. ತಲೆಭಾಗ ಜಾರಿಸಿ ಶ್ರುತಿ ಹೊಂದಿಸಬಹುದಾದ ಮಾದರಿ ಸಿಕ್ಕರೆ ಅದಕ್ಕೆ ಆದ್ಯತೆ ಕೊಡಿ, ಯಾಕೆಂಬುದು ಆರನೆಯ ಹಂತದಲ್ಲಿದೆ.

ಹಂತ 5: ಪರೀಕ್ಷೆ

ಹೆಚ್ಚು ಜನ ಹಾರಿಸುವ ಹಂತ ಇದು. ಅರ್ಧ ಗಂಟೆ ಬೇಕು.

ಮೊದಲು ವಿಸಲ್‌ನ ತಲೆಭಾಗವನ್ನು ಮುಷ್ಟಿಯಲ್ಲಿ ಹಿಡಿದು ಒಂದೆರಡು ನಿಮಿಷ ಬೆಚ್ಚಗೆ ಮಾಡಿ. ತಣ್ಣಗಿರುವ ವಿಸಲ್ ಶ್ರುತಿ ಇಳಿಸಿ ತೋರಿಸುತ್ತದೆ, ಗಾಳಿದಾರಿಯಲ್ಲಿ ಬೇಗ ನೀರೂ ಕಟ್ಟುತ್ತದೆ.

ಆಮೇಲೆ ಟ್ಯೂನರ್ ಎದುರು ಕೆಳಗಿನ ಜಿ ಹಿಡಿಯಿರಿ. ಸದ್ದಿನ ಕಡೆ ಗಮನ ಬೇಡ, ಮುಳ್ಳು ನಡುವೆ ನಿಲ್ಲುವಷ್ಟು ಉಸಿರು ಕೊಡಿ. ವಿಸಲ್‌ನ ಸಹಜ ಒತ್ತಡ ಅದೇ. ಅದೇ ಸಹಜತೆಯಲ್ಲಿ ಕೆಳಗಿನ ಡಿ, ಮೇಲಿನ ಡಿ, ಜಿ, ಎ, ಬಿ ಊದಿ, ಪ್ರತಿಯೊಂದು ಎಷ್ಟು ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು, ಟ್ಯೂನರ್ ತೋರಿಸುವ ಅಳತೆ) ಏರಿದೆ, ಇಳಿದಿದೆ ಬರೆದುಕೊಳ್ಳಿ. ಅಗ್ಗದ ವಿಸಲ್‌ನಲ್ಲಿ 10 ಸೆಂಟ್ ಅತ್ತಿತ್ತ ಆದರೆ ಪರವಾಗಿಲ್ಲ. ಮೇಲಿನ ಬಿ 25-30 ಸೆಂಟ್ ಇಳಿದಿದ್ದರೆ, ಅದನ್ನು ಶ್ರುತಿಗೆ ತರಲು ನೀವು ದಿನವೂ ಜೋರಾಗಿ ಊದುತ್ತೀರಿ ಎಂದರ್ಥ. ಮೆಲುದನಿಯ ಲಾಭ ಅಲ್ಲೇ ಮುಗಿಯಿತು.

ಈಗ ಫೋನನ್ನು ಒಂದು ಮೀಟರ್ ದೂರದಲ್ಲಿಟ್ಟು ಡೆಸಿಬೆಲ್ ಆ್ಯಪ್ ತೆರೆಯಿರಿ. ಕೆಳಗಿನ ಜಿ, ಮೇಲಿನ ಜಿ, ಮೇಲಿನ ಬಿ, ಒಂದೊಂದನ್ನು ಐದು ಸೆಕೆಂಡು ಹಿಡಿಯಿರಿ. ಫೋನಿನ ಮೈಕ್ ತೋರಿಸುವ ಅಂಕಿಯನ್ನು ನೇರವಾಗಿ ನಂಬಬೇಡಿ. ಅದೇ ಫೋನು, ಅದೇ ಜಾಗ, ಅದೇ ದೂರದಲ್ಲಿ ಎರಡು ವಿಸಲ್‌ಗಳ ನಡುವಿನ ಅಂತರವಷ್ಟೇ ಉಪಯೋಗದ್ದು. ಮೂರು ಡೆಸಿಬೆಲ್ ವ್ಯತ್ಯಾಸ ಕಿವಿಗೆ ಸ್ವಲ್ಪವೇ ಗೊತ್ತಾಗುತ್ತದೆ. ಹತ್ತು ಡೆಸಿಬೆಲ್ ಕಡಿಮೆಯಾದರೆ ಸದ್ದು ಅರ್ಧವಾದಂತೆ ಅನಿಸುತ್ತದೆ. ಎರಡು ವಿಸಲ್‌ಗಳ ನಡುವೆ ಮೇಲಿನ ಬಿ ಸ್ವರದಲ್ಲಿ ಎರಡು ಡೆಸಿಬೆಲ್ ಮಾತ್ರ ಅಂತರವಿದ್ದರೆ ಹೊಸದಕ್ಕೆ ದುಡ್ಡು ಹಾಕುವುದು ದಂಡ.

ಇನ್ನೂ ಒಂದನ್ನು ಗಮನಿಸಿ: ಕೆಳಗಿನ ಜಿ ಮತ್ತು ಮೇಲಿನ ಬಿ ನಡುವಿನ ಜಿಗಿತ. ಇದು ಚಿಕ್ಕದಿರುವ ವಿಸಲ್ ಒಟ್ಟಾರೆ ಸ್ವಲ್ಪ ಜೋರಾಗಿದ್ದರೂ ಮನೆಯವರಿಗೆ ಸಹ್ಯ. ಒಂದೇ ಮಟ್ಟದ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ, ನಡುನಡುವೆ ಎದ್ದು ಚೀರುವುದಕ್ಕೆ ಹೊಂದಿಕೊಳ್ಳುವುದಿಲ್ಲ.

ಮುಂದಿನದು ಬಾಗಿಲ ಪರೀಕ್ಷೆ. ಬಾಗಿಲು ಮುಚ್ಚಿ, ಆಚೆ ಒಬ್ಬರನ್ನು ನಿಲ್ಲಿಸಿ, ಎರಡೂ ಸ್ಥಾಯಿಗಳಿರುವ ಒಂದು ಧಾಟಿಯನ್ನು ಎರಡು ವಿಸಲ್‌ಗಳಲ್ಲೂ ನುಡಿಸಿ. "ಜೋರಿತ್ತಾ?" ಎಂದು ಕೇಳಬೇಡಿ, ಮರ್ಯಾದೆಗೆ ಇಲ್ಲ ಎಂದುಬಿಡುತ್ತಾರೆ. "ಪುಸ್ತಕ ಓದುತ್ತಿದ್ದರೆ ಎಲ್ಲಿ ತಲೆ ಎತ್ತುತ್ತಿದ್ದಿರಿ?" ಎಂದು ಕೇಳಿ. ಅವರು ತೋರಿಸುವ ಜಾಗ ಹೆಚ್ಚಾಗಿ ಮೇಲಿನ ಎ ಅಥವಾ ಬಿ ಆಗಿರುತ್ತದೆ.

ಕೊನೆಯದಾಗಿ ಉಸಿರಿನ ತಾಳಿಕೆ. ಕೆಳಗಿನ ಡಿ ಹಿಡಿದು ಒತ್ತಡವನ್ನು ನಿಧಾನವಾಗಿ ಏರಿಸಿ. ತುಸು ಏರಿಸುವಷ್ಟರಲ್ಲೇ ಸ್ವರ ಮೇಲಿನ ಸ್ಥಾಯಿಗೆ ಹಾರಿದರೆ ಆ ವಿಸಲ್ ಕೆಳಗಿನ ಸ್ವರಗಳಲ್ಲಿ ಸದಾ ಕಾಡುತ್ತದೆ. ಹಾಗೆಯೇ ನಾಲಿಗೆ ತಾಗಿಸದೆ ಕೆಳಗಿನ ಜಿಯಿಂದ ಮೇಲಿನ ಜಿಗೆ ಹೋಗಿ. ಒಂದು ಒದೆ ಕೊಟ್ಟಂತೆ ಊದಿದರೆ ಮಾತ್ರ ದಾಟುತ್ತದೆ ಎಂದಾದರೆ, ನುಡಿಸುವಾಗಲೆಲ್ಲ ಆ ಒದೆಯ ಸದ್ದೂ ಕೇಳುತ್ತಿರುತ್ತದೆ.

ವಿಸಲ್ ಕೈಗೆ ಸಿಗದೆ ದೂರದಿಂದಲೇ ತರಿಸಬೇಕಾದವರಿಗೆ ಒಂದು ಮಾತು. ವಿಡಿಯೊ ಕೇಳಿ ದನಿಯ ಬಣ್ಣ ತಿಳಿಯಬಹುದು, ಸದ್ದಿನ ಪ್ರಮಾಣ ತಿಳಿಯದು. ಫೋನುಗಳು ಮುದ್ರಿಸುವಾಗ ಜೋರಾದದ್ದನ್ನು ತಾವೇ ತಗ್ಗಿಸಿ, ಮೆಲ್ಲನೆಯದನ್ನು ಏರಿಸಿಬಿಡುತ್ತವೆ. ನಿಮಗೆ ಈಗಾಗಲೇ ಗೊತ್ತಿರುವ ವಿಸಲ್‌ನ ಜೊತೆ ಹೊಸದನ್ನು ಒಂದೇ ಮುದ್ರಣದಲ್ಲಿ, ನಡುವೆ ನಿಲ್ಲಿಸದೆ ನುಡಿಸಿ ಕಳಿಸುವಂತೆ ಮಾರುವವರನ್ನು ಕೇಳಿ. ಅದಕ್ಕೆ ಒಪ್ಪದಿದ್ದರೆ ವಾಪಸು ಮಾಡುವ ಅವಕಾಶವಿದೆಯೇ ನೋಡಿಕೊಳ್ಳಿ.

ಹಂತ 6: ಇರುವ ವಿಸಲ್‌ನ ಸದ್ದು ತಗ್ಗಿಸುವುದು

ಹೊಸದು ಕೊಳ್ಳುವ ಮೊದಲು ಇದನ್ನೂ ಮಾಡಿ ನೋಡಬಹುದು, ಆದರೆ ಐದನೆಯ ಹಂತದ ಅಂಕಿಗಳು ಕಾಗದದ ಮೇಲೆ ಬಂದ ನಂತರವೇ. ಮೊದಲು ಹೇಗಿತ್ತು ಎಂದು ಗೊತ್ತಿಲ್ಲದೆ ಎಷ್ಟು ತಗ್ಗಿತು ಎಂದು ಹೇಳಲಾಗದು.

ಅಂಟುಪಟ್ಟಿಯಿಂದ ಎರಡು ಮೂರು ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ಕಿಂಡಿಯ ಒಂದು ಪಕ್ಕದಲ್ಲಿ, ಕೊಳವೆಯ ಉದ್ದಕ್ಕೆ ಸಮಾನಾಂತರವಾಗಿ, ಕಿಂಡಿಯ ಅಗಲದ ಕಾಲು ಭಾಗ ಮುಚ್ಚುವಂತೆ ಅಂಟಿಸಿ. ಪಟ್ಟಿ ಕಿಂಡಿಯ ಮೇಲೆ ಬಿಗಿಯಾಗಿ, ಸುಕ್ಕಿಲ್ಲದೆ ಕೂರಬೇಕು. ಜೋಲುಬಿದ್ದರೆ ಬುರ್ ಎಂದು ಅದುರುತ್ತದೆ. ಊದಿ ನೋಡಿ, ಸಾಲದಿದ್ದರೆ ಇನ್ನೊಂದು ಪಕ್ಕದಲ್ಲೂ ಅಷ್ಟೇ. ಪಟ್ಟಿಯ ಬದಲು ಪುಟ್ಟಿಯನ್ನು ಅಕ್ಕಿಕಾಳಿನಷ್ಟು ತೆಗೆದು ಕಿಂಡಿಯ ಪಕ್ಕದ ಗೋಡೆಗೆ ಒತ್ತಿದರೂ ನಡೆಯುತ್ತದೆ. ತೆಗೆದು ಹಾಕಲು ಪುಟ್ಟಿ ಸುಲಭ, ಒಂದೇ ಅಳತೆಯಲ್ಲಿ ಮತ್ತೆ ಕೂರಿಸುವುದು ಕಷ್ಟ.

ಕಿಂಡಿ ಕಿರಿದಾದರೆ ಸದ್ದಿನ ಜೊತೆ ಶ್ರುತಿಯೂ ಇಳಿಯುತ್ತದೆ. ಎಲ್ಲ ಸ್ವರಗಳೂ ಒಂದೇ ಸಮ ಇಳಿಯುವುದಿಲ್ಲ: ಬೆರಳು ಎತ್ತಿ ನುಡಿಸುವ ಬಿ, ಸಿ ಶಾರ್ಪ್ ಹೆಚ್ಚು, ಎಲ್ಲ ಮುಚ್ಚಿದ ಡಿ ಕಡಿಮೆ. ಕಿಂಡಿ ಮುಚ್ಚಿದಾಗ ಕೊಳವೆ ತುಸು ಉದ್ದವಾದಂತೆ ವರ್ತಿಸುತ್ತದೆ, ಆ ತುಸು ಉದ್ದ, ಬೆರಳೆತ್ತಿ ಗಿಡ್ಡ ಕೊಳವೆಯಲ್ಲಿ ನುಡಿಸುವ ಸ್ವರಗಳಿಗೆ ದೊಡ್ಡದು. ಮದ್ದೂ ಅಲ್ಲೇ ಇದೆ. ತಲೆಭಾಗವನ್ನು ಒಂದೆರಡು ಮಿಲಿಮೀಟರ್ ಒಳಕ್ಕೆ ತಳ್ಳಿದರೆ ಕೊಳವೆ ಅಷ್ಟೇ ಗಿಡ್ಡವಾಗಿ ಸ್ವರಗಳು ಹೆಚ್ಚುಕಡಿಮೆ ಜಾಗಕ್ಕೆ ಮರಳುತ್ತವೆ. ಜಾರುವ ತಲೆ ಇರಲಿ ಎಂದದ್ದು ಇದಕ್ಕೇ.

ಪ್ಲಾಸ್ಟಿಕ್ ತಲೆ ಅಂಟಿಕೊಂಡಿದ್ದರೆ ಅದನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ. ಕುದಿಯುವ ನೀರು ಬೇಡ, ಗಾಳಿದಾರಿ ಸೊಟ್ಟಗಾದರೆ ವಿಸಲ್ ಮುಗಿಯಿತು. ಎಳೆಯಲೂ ಬೇಡಿ, ತಿರುಗಿಸಿಯೇ ಬಿಡಿಸಬೇಕು.

ಇಷ್ಟರಲ್ಲಿ ಕೆಳಗಿನ ಡಿ ತಡವರಿಸತೊಡಗಿದರೆ, ಅಥವಾ ಸ್ವರಕ್ಕಿಂತ ಉಸ್ ಎಂಬ ಸದ್ದೇ ಹೆಚ್ಚಾದರೆ, ಮುಚ್ಚಿದ್ದು ಹೆಚ್ಚಾಯಿತು. ಒಂದು ಪಟ್ಟಿ ತೆಗೆಯಿರಿ. ಅಲಗಿನ ಅಂಚಿಗೆ ಅಂಟು ತಾಗಿಸಬೇಡಿ, ಗಾಳಿದಾರಿಯೊಳಗೆ ಪುಟ್ಟಿ ತುರುಕಬೇಡಿ. ಅರ, ಉಪ್ಪುಕಾಗದ ಹಿಡಿದು ಅಲಗನ್ನು ಉಜ್ಜುವ ಸಲಹೆ ಎಲ್ಲಿ ಓದಿದ್ದರೂ ಮರೆತುಬಿಡಿ. ಅಂಟುಪಟ್ಟಿ ಕಿತ್ತರೆ ಹೋಗುತ್ತದೆ, ಉಜ್ಜಿದ್ದು ಮರಳಿ ಬಾರದು.

ಕಿಂಡಿಯನ್ನು ಪೂರ್ತಿ ಮುಚ್ಚಿದರೆ ಸ್ವರವೇ ಇಲ್ಲ, ಉಸಿರಿನ ಸದ್ದು ಮಾತ್ರ. ಬೆರಳು, ನಾಲಿಗೆಗಳ ಕಸರತ್ತಿಗೆ ಇದು ಚೆನ್ನ. ರಾತ್ರಿ ಹೊತ್ತಿನಲ್ಲಿ ಹೊಸ ಧಾಟಿಯೊಂದನ್ನು ಬೆರಳಿಗೆ ಕೂರಿಸಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. ಹೆಡ್‌ಫೋನ್ ಸಿಕ್ಕಿಸಿ ನುಡಿಸುವ ಎಲೆಕ್ಟ್ರಾನಿಕ್ ಸಾಧನಗಳೂ ಇವೆ, ಆದರೆ ವಿಸಲ್‌ನ ಉಸಿರಿನ ಹದ ಅವುಗಳಲ್ಲಿ ಕೈಗೂಡುವುದು ಕಷ್ಟ.

ಹಂತ 7: ಕೋಣೆ

ಎತ್ತರದ ಸ್ವರಗಳು ಗೋಡೆಗಿಂತ ಸಂದುಗಳಿಂದಲೇ ಹೆಚ್ಚು ತಪ್ಪಿಸಿಕೊಳ್ಳುತ್ತವೆ. ಬಾಗಿಲಡಿಯ ಸಂದಿಗೆ ಟವೆಲ್ ಸುತ್ತಿ ಒತ್ತಿ, ಕಿಟಕಿ ಹಾಕಿ. ಬಟ್ಟೆ ತುಂಬಿದ ಕಪಾಟು ತೆರೆದು ಅದಕ್ಕೆ, ಇಲ್ಲವೇ ದಪ್ಪ ಪರದೆಗೆ ಮುಖಮಾಡಿ ನಿಲ್ಲಿ. ಬರಿಗೋಡೆಯ ಮೂಲೆ, ಬಚ್ಚಲುಮನೆ ಬೇಡ. ಅಲ್ಲಿ ದನಿ ಸೊಗಸಾಗಿ ಕೇಳುವುದು ನಿಮಗೆ ಮಾತ್ರ.

ಹಂತ 8: ಅಭ್ಯಾಸ ಕೆಡದಂತೆ ನೋಡಿಕೊಳ್ಳುವುದು

ಮೆಲುದನಿಯ ವಿಸಲ್‌ಗೆ ಸಾಮಾನ್ಯವಾಗಿ ಕಡಿಮೆ ಒತ್ತಡ ಸಾಕು. ಅದರಲ್ಲೇ ತಿಂಗಳುಗಟ್ಟಲೆ ನುಡಿಸಿದವರು ಮಾಮೂಲಿ ವಿಸಲ್ ಎತ್ತಿಕೊಂಡಾಗ ಮೇಲಿನ ಸ್ಥಾಯಿಯಲ್ಲಿ ಶ್ರುತಿ ಇಳಿಸುತ್ತಾರೆ. ವಾರಕ್ಕೊಮ್ಮೆಯಾದರೂ, ಯಾರಿಗೂ ತೊಂದರೆಯಾಗದ ಹೊತ್ತಿನಲ್ಲಿ, ಜೋರಿನ ವಿಸಲ್‌ನಲ್ಲಿ ಟ್ಯೂನರ್ ಎದುರು ಮೇಲಿನ ಸ್ವರಗಳನ್ನು ಉದ್ದಕ್ಕೆ ಹಿಡಿಯಿರಿ.

ಮನೆಯವರಿಗೆ ಹೆದರಿ ನುಡಿಸುವವರನ್ನು ಗುರುತಿಸುವುದು ಸುಲಭ. ಮೇಲಿನ ಸ್ವರ ಬರುವ ಮುನ್ನ ಭುಜ ಮೇಲೇರುತ್ತದೆ, ಸ್ವರವನ್ನು ಪೂರ್ತಿ ಹಿಡಿಯದೆ ಅರ್ಧಕ್ಕೆ ಬಿಡುತ್ತಾರೆ, ಕಷ್ಟದ ಜಾಗ ಬಂದಾಗ ಲಯ ಓಡುತ್ತದೆ. ನಿಮ್ಮಲ್ಲಿ ಇವು ಕಂಡರೆ ಉಸಿರನ್ನು ತಿದ್ದುತ್ತ ಕೂರಬೇಡಿ. ಕಿಂಡಿಗೆ ಇನ್ನೊಂದು ಪಟ್ಟಿ ಅಂಟಿಸಿ, ಇಲ್ಲವೇ ನುಡಿಸುವ ಹೊತ್ತು ಬದಲಿಸಿ.

ಗಾಳಿದಾರಿ ಕಿರಿದಾಗಿರುವ ವಿಸಲ್‌ಗಳಲ್ಲಿ ಉಸಿರಿನ ತೇವ ಬೇಗ ಕಟ್ಟಿಕೊಳ್ಳುತ್ತದೆ. ನುಡಿಸುತ್ತಿದ್ದಂತೆ ದನಿ ತಾನಾಗಿಯೇ ಮೆತ್ತಗಾಗಿ ಒರಟಾದರೆ ಅದು ಮೆಲುದನಿಯಲ್ಲ, ಒಳಗೆ ನಿಂತ ನೀರು. ಕಿಂಡಿಯನ್ನು ಬೆರಳಿನಿಂದ ಮುಚ್ಚಿ ಒಮ್ಮೆ ಬಲವಾಗಿ ಊದಿ ತೆಗೆಯಿರಿ. ಪದೇಪದೇ ಹೀಗಾಗುತ್ತಿದ್ದರೆ ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ನೀರಿಗೆ ಒಂದು ಹನಿ ಬೆರೆಸಿ ಗಾಳಿದಾರಿಯಲ್ಲಿ ಹಾಯಿಸಿ, ತೊಳೆಯದೆ ಹಾಗೇ ಒಣಗಲು ಬಿಡಿ. ನೀರು ಹನಿಯಾಗಿ ನಿಲ್ಲದೆ ಹರಡಿ ಇಳಿಯುತ್ತದೆ. ಡೆಸಿಬೆಲ್ ಅಳೆಯುವ ಪ್ರತಿ ಸಲವೂ ಮೊದಲು ಈ ನೀರು ತೆಗೆಯಿರಿ, ಇಲ್ಲದಿದ್ದರೆ ನೀವು ಬರೆದುಕೊಂಡ ಅಂಕಿಗಳಿಗೆ ಬೆಲೆಯಿಲ್ಲ.